ಬರ್ಗರ್ ಅಂಗಡಿಯ ಫ್ರೀ ವೈ-ಫೈ: ಬೀದಿ ದೀಪ ಹಚ್ಚೋದು ಯಾರ ಕೆಲಸ?



ಕಳೆದ ಭಾನುವಾರ ಮಗಳನ್ನ ಕರ್ಕೊಂಡು ಪುಣೆಯ ಡೆಕ್ಕನ್ ಕಡೆ ಹೋಗಿದ್ದೆ. ಬರ್ಗರ್ ಬೇಕು ಅಂದಳು, ಒಂದು ಅಂಗಡಿಗೆ ಹೋದ್ವಿ. ಗಾಜಿನ ಬಾಗಿಲ ಮೇಲೆ ‘ಫ್ರೀ ವೈ-ಫೈ’ ಅಂತ ಒಂದು ಸ್ಟಿಕ್ಕರ್ ಇತ್ತು. ಬಿಸಿಲಿಗೆ ಬಣ್ಣ ಹೋಗಿ, ಒಂದು ಮೂಲೆ ಕಿತ್ತು ಬಂದಿತ್ತು. ಅದನ್ನ ಓದಿ ಮಗಳು ಕೇಳಿದಳು: “ಅಪ್ಪಾ, ಇದನ್ನ ಈಗ ಯಾರಾದ್ರೂ ಯೂಸ್ ಮಾಡ್ತಾರಾ?”

ಅವಳ ಪ್ರಶ್ನೆ ಸರಿ. ಜೇಬಲ್ಲಿರೋ ಫೋನಿನಲ್ಲೇ ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ ಸಿಗೋ ಕಾಲದಲ್ಲಿ ಬೆಳೀತಿರೋ ಮಗು ಅದು. ನಾನು ಮಾತ್ರ ಆ ಸ್ಟಿಕ್ಕರ್ ನೋಡ್ತಾ ಸ್ವಲ್ಪ ಹೊತ್ತು ನಿಂತೇ ಬಿಟ್ಟೆ. ಯಾಕಂದ್ರೆ 2011ರಲ್ಲಿ ನನ್ನ ಮೊದಲ ಕೆಲಸ ಸಿಕ್ಕಿದ್ದು ಇಂಥದ್ದೇ ಒಂದು ಅಂಗಡಿಯ ವೈ-ಫೈ ದೆಸೆಯಿಂದ.

ಆಗ ಚಿತ್ರದುರ್ಗ ಜಿಲ್ಲೆಯಿಂದ ಪುಣೆಗೆ ಬಂದು ಮೂರು ತಿಂಗಳಾಗಿತ್ತು. ಕರ್ವೆ ನಗರದಲ್ಲಿ ಒಂದು ರೂಮು, ನಾಲ್ಕು ಜನ ಹುಡುಗರು, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ನೆಟ್ ಇರಲಿಲ್ಲ. ಭಾನುವಾರ ಸಂಜೆ ಆರು ಗಂಟೆಯೊಳಗೆ ಒಂದು ಕಂಪನಿಗೆ ಫಾರ್ಮ್ ತುಂಬಿ, ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಅಪ್‌ಲೋಡ್ ಮಾಡಬೇಕಿತ್ತು. ಹತ್ತಿರದ ಸೈಬರ್ ಕೆಫೆಗೆ ಬೀಗ. ಇಪ್ಪತ್ತು ರೂಪಾಯಿ ಕೊಟ್ಟು ಒಂದು ಐಸ್‌ಕ್ರೀಮ್ ಕೋನ್ ತಗೊಂಡು ಬರ್ಗರ್ ಅಂಗಡಿಯ ಮೂಲೆ ಟೇಬಲ್ ಹಿಡಿದೆ. ಅರ್ಧ ಗಂಟೆ ಫ್ರೀ. ಅದು ಮುಗಿದ ಮೇಲೆ ರೂಮ್‌ಮೇಟ್‌ಗೆ ಫೋನ್ ಮಾಡಿ, ಅವನ ನಂಬರ್ ಹಾಕಿ, ಅವನಿಗೆ ಬಂದ ಕೋಡ್ ಕೇಳ್ಕೊಂಡು ಇನ್ನರ್ಧ ಗಂಟೆ. ಕೋನ್ ಕರಗಿ ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು. ಹೊರಗೆ ಮಳೆ, ಒಳಗೆ ಜನ. ಮ್ಯಾನೇಜರ್ ಎರಡು ಸಲ ಬಂದು ಹೋದ್ರು. ಎರಡನೇ ಸಲ, “ಸರ್, ಏನಾದ್ರೂ ಆರ್ಡರ್ ಮಾಡಿ, ಇಲ್ಲಾಂದ್ರೆ ಸೀಟು ಬಿಡಿ” ಅಂದ್ರು. ಜೇಬಿನಲ್ಲಿ ಇದ್ದದ್ದು ಬಸ್ಸಿನ ದುಡ್ಡು ಮಾತ್ರ.

ಟೇಬಲ್ ಒರೆಸೋ ಕಾಕಾ ಒಬ್ಬರು ಅಲ್ಲೇ ನಿಂತು ಇದನ್ನೆಲ್ಲ ನೋಡ್ತಿದ್ರು. ಮ್ಯಾನೇಜರ್ ಆ ಕಡೆ ತಿರುಗಿದ ಕೂಡಲೇ ಬಂದು, ಪಕ್ಕದ ಟೇಬಲ್ಲಿನವರು ಬಿಟ್ಟು ಹೋಗಿದ್ದ ಟ್ರೇ, ಎರಡು ಖಾಲಿ ಲೋಟ, ಬರ್ಗರ್ ಸುತ್ತಿದ್ದ ಕಾಗದ ಎಲ್ಲವನ್ನೂ ನನ್ನ ಮುಂದೆ ಇಟ್ಟು, “ಬಸ್ ರೇ, ಬಸ್” ಅಂದ್ರು. ನನಗೆ ಆಗ ಮರಾಠಿ ಬರ್ತಿರಲಿಲ್ಲ. ‘ಸಾಕು ಕಣೋ, ಸಾಕು’ ಅಂದ್ರು ಅಂದ್ಕೊಂಡು ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ಅವರು ನಕ್ಕು, ಭುಜ ಹಿಡಿದು ಕೂರಿಸಿದರು. ಪುಣೆ, ಮುಂಬೈನಲ್ಲಿ ಇರೋರಿಗೆ ಗೊತ್ತು, ಮರಾಠಿಯಲ್ಲಿ ‘ಬಸ್’ ಅಂದ್ರೆ ‘ಕೂತ್ಕೋ’.

ಫಾರ್ಮ್ ಹೋಯ್ತು. ಕೆಲಸವೂ ಸಿಕ್ತು. ಇವತ್ತು ಹೇಳೋಕೆ ಹೊರಟಿರೋದು ನನ್ನ ಕಥೆ ಅಲ್ಲ, ಆ ವೈ-ಫೈ ಕಥೆ. ಅದು ಅಲ್ಲಿಗೆ ಬಂದದ್ದು ಹೇಗೆ, ಫ್ರೀ ಆಗಿದ್ದು ಯಾಕೆ, ಅದಕ್ಕೆ ಕಾದು ಕೂತವರು ಯಾರು? ನೋಡೋಣ ಬನ್ನಿ.

ಹುಟ್ಟಿದ್ದೇ ಗಲ್ಲಾಪೆಟ್ಟಿಗೆ ಪಕ್ಕ

ವೈ-ಫೈ ಅಂದ್ರೆ ಲ್ಯಾಪ್‌ಟಾಪ್‌ಗೋಸ್ಕರ ಕಂಡುಹಿಡಿದದ್ದು ಅಂತ ನಾವು ಅಂದ್ಕೊಂಡಿರ್ತೀವಿ. ಅದರ ಬೇರು ಹುಡುಕ್ಕೊಂಡು ಹೋದ್ರೆ ಸಿಗೋದು ಅಂಗಡಿಯ ಬಿಲ್ಲಿಂಗ್ ಕೌಂಟರ್.

1985ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಒಂದು ತೀರ್ಮಾನ ತಗೊಳ್ತು. ಕೆಲವು ತರಂಗಾಂತರಗಳನ್ನ ಲೈಸೆನ್ಸ್ ಇಲ್ಲದೆ ಸಂಪರ್ಕಕ್ಕೆ ಬಳಸಬಹುದು ಅಂತ. ಇದರ ಹಿಂದೆ ನಿಂತು ಒತ್ತಾಯ ಮಾಡಿದವರು ಅಲ್ಲಿನ ಎಂಜಿನಿಯರ್ ಮೈಕೆಲ್ ಮಾರ್ಕಸ್. ಅದರಲ್ಲಿ 2.4 ಗಿಗಾಹರ್ಟ್ಸ್ ಕೂಡ ಒಂದು. ಅದು ಯಾರಿಗೂ ಬೇಡದ ಜಾಗ. ಮೈಕ್ರೋವೇವ್ ಒಲೆಗಳು ಕೆಲಸ ಮಾಡೋದು ಅಲ್ಲೇ, ಹಾಗಾಗಿ ಬರೀ ಗದ್ದಲ. ಊರ ಹೊರಗಿನ ಗೋಮಾಳದ ಹಾಗೆ, ಯಾರು ಬೇಕಾದ್ರೂ ದನ ಬಿಡಿ ಅಂದ್ರು.

ಆ ಗೋಮಾಳಕ್ಕೆ ಮೊದಲು ಬಂದವರಲ್ಲಿ ಎನ್‌ಸಿಆರ್ ಒಬ್ಬರು. ಕ್ಯಾಶ್ ರಿಜಿಸ್ಟರ್ ತಯಾರಿಸೋ ಹಳೇ ಕಂಪನಿ. ದೊಡ್ಡ ಮಳಿಗೆಗಳಲ್ಲಿ ಕೌಂಟರ್ ಜಾಗ ಬದಲಾಯಿಸಿದಾಗೆಲ್ಲ ನೆಲ ಅಗೆದು ವೈರ್ ಎಳೀಬೇಕಿತ್ತು. ವೈರೇ ಇಲ್ಲದೆ ಕ್ಯಾಶ್ ರಿಜಿಸ್ಟರ್‌ಗಳನ್ನ ಜೋಡಿಸೋಕಾಗುತ್ತಾ ಅಂತ ನೆದರ್ಲೆಂಡ್ಸ್‌ನಲ್ಲಿದ್ದ ಅವರ ಎಂಜಿನಿಯರ್‌ಗಳು ತಲೆ ಕೆಡಿಸಿಕೊಂಡ್ರು. ಹೀಗೆ ಬಂದದ್ದು ವೇವ್‌ಲ್ಯಾನ್. ಆ ತಂಡದ ವಿಕ್ ಹೇಯ್ಸ್ ಮುಂದೆ ಐಇಇಇ 802.11 ಸಮಿತಿಗೆ ಹತ್ತು ವರ್ಷ ಅಧ್ಯಕ್ಷರಾಗಿದ್ರು. 1997ರಲ್ಲಿ ಮೊದಲ ಮಾನದಂಡ ಬಂತು, ವೇಗ 2 ಎಂಬಿಪಿಎಸ್. 1999ರಲ್ಲಿ 802.11ಬಿ ಬಂತು, 11 ಎಂಬಿಪಿಎಸ್.

ಇಂಥ ಹೆಸರಿಟ್ಟರೆ ಯಾರು ಕೊಳ್ತಾರೆ? ಇಂಟರ್‌ಬ್ರಾಂಡ್ ಅನ್ನೋ ಸಂಸ್ಥೆಗೆ ದುಡ್ಡು ಕೊಟ್ಟು ಹೆಸರು ಮಾಡಿಸಿದರು. ಅದೇ ‘ವೈ-ಫೈ’. ಕ್ವಿಜ್‌ಗಳಲ್ಲಿ ಇದಕ್ಕೆ ‘ವೈರ್‌ಲೆಸ್ ಫಿಡೆಲಿಟಿ’ ಅಂತ ವಿಸ್ತೃತ ರೂಪ ಕೇಳ್ತಾರಲ್ಲ, ಅದು ಹೆಸರು ಇಟ್ಟ ಮೇಲೆ ಅಂಟಿಸಿದ್ದು. 1999ರ ಜುಲೈನಲ್ಲಿ ಸ್ಟೀವ್ ಜಾಬ್ಸ್ ನ್ಯೂಯಾರ್ಕ್‌ನ ವೇದಿಕೆ ಮೇಲೆ ಐಬುಕ್ ಲ್ಯಾಪ್‌ಟಾಪ್‌ನಲ್ಲಿ ವೆಬ್ ಪುಟ ತೆರೆದು, ಅದರ ಸುತ್ತ ಒಂದು ಬಳೆಯಂಥ ಹೂಪ್ ತೂರಿಸಿ ತೋರಿಸಿದರು, ಜಾದೂಗಾರ ‘ದಾರ ಇಲ್ಲ ನೋಡಿ’ ಅನ್ನೋ ಹಾಗೆ. ಕ್ಯಾಶ್ ಕೌಂಟರ್‌ಗಾಗಿ ಹುಟ್ಟಿದ್ದು ಅಲ್ಲಿಂದ ಗಿರಾಕಿಯ ಕೈಗೆ ಬಂತು.

ಗಾಳಿಗೂ ಬಿಲ್

ಗಿರಾಕಿ ಕೈಗೆ ಬಂದದ್ದು ನಿಜ, ಆದರೆ ಫ್ರೀ ಆಗಿ ಅಲ್ಲ. 2001ರ ಜನವರಿಯಲ್ಲಿ ಸ್ಟಾರ್‌ಬಕ್ಸ್, ಮೈಕ್ರೋಸಾಫ್ಟ್ ಮತ್ತು ಮೊಬೈಲ್‌ಸ್ಟಾರ್ ಅನ್ನೋ ಕಂಪನಿ ಜೊತೆ ಸೇರಿ ಕಾಫಿ ಅಂಗಡಿಗಳಲ್ಲಿ ವೈ-ಫೈ ಕೊಡ್ತೀವಿ ಅಂತ ಘೋಷಿಸಿತು. ವರ್ಷ ಮುಗಿಯೋದರೊಳಗೆ ಮೊಬೈಲ್‌ಸ್ಟಾರ್ ಮುಳುಗಿತು. ಡಾಟ್‌ಕಾಮ್ ಗುಳ್ಳೆ ಒಡೆದ ಕಾಲ ಅದು. ಅದರ ಆಸ್ತಿ ಕೊನೆಗೆ ಟಿ-ಮೊಬೈಲ್ ಪಾಲಾಯ್ತು. 2002ರ ಆಗಸ್ಟ್ ಹೊತ್ತಿಗೆ ಸುಮಾರು 1,200 ಸ್ಟಾರ್‌ಬಕ್ಸ್ ಮಳಿಗೆಗಳಲ್ಲಿ ದುಡ್ಡು ಕೊಟ್ಟವರಿಗೆ ವೈ-ಫೈ ಸಿಗ್ತಿತ್ತು.

ಮರುವರ್ಷ ಮೆಕ್‌ಡೊನಾಲ್ಡ್ಸ್ ಕೈ ಹಾಕಿತು. 2003ರ ಮಾರ್ಚ್‌ನಲ್ಲಿ ಇಂಟೆಲ್ ಸೆಂಟ್ರಿನೊ ಬಿಡುಗಡೆಯಾಯ್ತು. ಲ್ಯಾಪ್‌ಟಾಪ್ ಒಳಗೇ ವೈ-ಫೈ ಇರೋದು ಮಾಮೂಲಾಗಿದ್ದು ಅಲ್ಲಿಂದ. ಅದೇ ಹೊತ್ತಿಗೆ ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನ ಹತ್ತು ಮೆಕ್‌ಡೊನಾಲ್ಡ್ಸ್‌ಗಳಲ್ಲಿ ಪ್ರಯೋಗ ಶುರುವಾಯ್ತು. ಒಂದು ಪೂರ್ತಿ ಊಟದ ಕಾಂಬೊ ತಗೊಂಡ್ರೆ ಒಂದು ಗಂಟೆ ನೆಟ್. 2004ರಲ್ಲಿ ಅವರು ವೇಪೋರ್ಟ್ ಅನ್ನೋ ಕಂಪನಿಯನ್ನ ಆರಿಸಿಕೊಂಡರು. ಆಗಿನ ರೇಟು ಎರಡು ಗಂಟೆಗೆ 2.95 ಡಾಲರ್. ಪ್ಯಾನೆರಾ ಬ್ರೆಡ್ ಅನ್ನೋ ಇನ್ನೊಂದು ಸರಪಳಿ ಮಾತ್ರ 2003ರಿಂದಲೇ ‘ನಾವು ಫ್ರೀ ಕೊಡ್ತೀವಿ’ ಅಂತ ಹೊರಟಿತು.

ಫ್ರೀ ಅಂದ್ರೆ ಯಾರಿಗೆ ಲಾಭ ಅಂತ ಕೇಳಬಹುದು. ಊಟದ ಅಂಗಡಿ ಲೆಕ್ಕ ಗೊತ್ತಿರೋರಿಗೆ ಇದು ಕಷ್ಟ ಅಲ್ಲ. ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಸಂಜೆವರೆಗೂ ಕುರ್ಚಿಗಳು ಖಾಲಿ. ಬಾಡಿಗೆ, ಕರೆಂಟು, ಸಂಬಳ ಹೇಗೂ ಕೊಡಬೇಕು. ಆ ಹೊತ್ತಲ್ಲಿ ಯಾರೋ ಬಂದು ಕೂತು ಒಂದು ಕಾಫಿ ತಗೊಂಡ್ರೂ ಲಾಭವೇ. ನಮ್ಮ ದರ್ಶಿನಿಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಕುರ್ಚಿಯೇ ಇಲ್ಲ. ನಿಂತು ತಿನ್ನು, ಹೊರಡು. ಕೂರಿಸಿ ವ್ಯಾಪಾರ ಮಾಡೋರಿಗೆ ಮಾತ್ರ ವೈ-ಫೈ ಬೇಕು.

ಫ್ರೀ ಆಗಿದ್ದು ಯಾಕೆ

ದೊಡ್ಡ ತಿರುವು ಬಂದದ್ದು 2010ರಲ್ಲಿ. ಆ ಜನವರಿಯಿಂದ ಅಮೆರಿಕದ 11 ಸಾವಿರಕ್ಕೂ ಹೆಚ್ಚು ಮೆಕ್‌ಡೊನಾಲ್ಡ್ಸ್‌ಗಳಲ್ಲಿ ವೈ-ಫೈ ಪೂರ್ತಿ ಫ್ರೀ. ಜುಲೈ 1ರಿಂದ ಅಲ್ಲಿನ ಸ್ಟಾರ್‌ಬಕ್ಸ್‌ನಲ್ಲೂ ಫ್ರೀ. ಆರೇ ತಿಂಗಳಲ್ಲಿ ಎರಡೂ ಕಡೆ ಬಿಲ್ ನಿಂತಿತು. ಯಾಕೆ?

ಒಂದು ಕಾರಣ ಪೈಪೋಟಿ. 2009ರಲ್ಲಿ ಮೆಕ್‌ಡೊನಾಲ್ಡ್ಸ್ ಅಮೆರಿಕದಾದ್ಯಂತ ಮೆಕ್‌ಕೆಫೆ ಕಾಫಿ ಶುರು ಮಾಡಿ, ಸ್ಟಾರ್‌ಬಕ್ಸ್ ಗಿರಾಕಿಗೆ ಗಾಳ ಹಾಕಿತ್ತು. ಇನ್ನೊಂದು ಕಾರಣ ನಮ್ಮ ಫೀಲ್ಡಿನವರಿಗೆ ಇಷ್ಟವಾಗುವಂಥದ್ದು. 2007ರಲ್ಲಿ ಬಂದ ಐಫೋನ್ ಅಮೆರಿಕದಲ್ಲಿ ಎಟಿ ಅಂಡ್ ಟಿ ಬಳಿ ಮಾತ್ರ ಇತ್ತು. ಜನ ವಿಡಿಯೋ ನೋಡೋಕೆ ಶುರು ಮಾಡಿದ ಮೇಲೆ ನ್ಯೂಯಾರ್ಕ್, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅವರ 3ಜಿ ಏದುಸಿರು ಬಿಡ್ತಿತ್ತು. ಹೊಸ ಟವರ್ ಹಾಕೋದಕ್ಕಿಂತ ಅಗ್ಗದ ದಾರಿ, ಆ ಭಾರವನ್ನ ಅಂಗಡಿಯೊಳಗಿನ ವೈರಿಗೆ ಇಳಿಸೋದು. 2008ರಲ್ಲಿ ಎಟಿ ಅಂಡ್ ಟಿ ವೇಪೋರ್ಟನ್ನೇ ಕೊಂಡುಕೊಂಡಿತ್ತು. ಸ್ಟಾರ್‌ಬಕ್ಸ್ ವೈ-ಫೈ ಕೂಡ ಅಷ್ಟರಲ್ಲಿ ಅವರ ಕೈಗೆ ಬಂದಿತ್ತು. ನಾವು ಸರ್ವರ್ ಮೇಲೆ ಲೋಡ್ ಹಂಚ್ತೀವಲ್ಲ, ಹಾಗೇ ಇದು. ಟವರಿನ ಲೋಡು ಬರ್ಗರ್ ಅಂಗಡಿ ಮೇಲೆ ಬಂತು.

ಅಂದ್ರೆ ‘ಫ್ರೀ’ ಅನ್ನೋದು ಧರ್ಮಛತ್ರದ ಊಟ ಆಗಿರಲಿಲ್ಲ. ಮಾರೋ ವಸ್ತುವಾಗಿ ಅದು ಬೆಲೆ ಕಳ್ಕೊಂಡಿತ್ತು, ಸೆಳೆಯೋ ವಸ್ತುವಾಗಿ ಬೆಲೆ ಇತ್ತು, ಅಷ್ಟೇ. ಇದನ್ನ ದೂರೋಕೆ ಹೇಳ್ತಿಲ್ಲ. ವ್ಯಾಪಾರ ಹಾಗೇ ಇರುತ್ತೆ. ನೆನಪಿಟ್ಟುಕೊಳ್ಳಬೇಕಾದ್ದು ಒಂದೇ: ಲೆಕ್ಕಕ್ಕೆ ಬಂದಾಗ ಕೊಟ್ಟದ್ದು, ಲೆಕ್ಕ ತಪ್ಪಿದ ದಿನ ಹೋಗಲೂಬಹುದು.

ಫ್ರೀ ಆದ ವರ್ಷವೇ ಅದರ ಅಪಾಯವೂ ಬಯಲಾಯ್ತು. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಅನ್ನೋ ಡೆವಲಪರ್ ಫೈರ್‌ಶೀಪ್ ಅಂತ ಫೈರ್‌ಫಾಕ್ಸ್‌ಗೆ ಒಂದು ಎಕ್ಸ್‌ಟೆನ್ಶನ್ ಬಿಟ್ಟರು. ಪಾಸ್‌ವರ್ಡ್ ಇಲ್ಲದ ಓಪನ್ ವೈ-ಫೈನಲ್ಲಿ ಕೂತು ಅದನ್ನ ಓಡಿಸಿದ್ರೆ, ಪಕ್ಕದ ಟೇಬಲ್ಲಿನವರ ಫೇಸ್‌ಬುಕ್ ಖಾತೆ ನಿಮ್ಮ ಪರದೆ ಮೇಲೆ ಬರ್ತಿತ್ತು. ಕ್ಲಿಕ್ ಮಾಡಿದ್ರೆ ನೀವೇ ಅವರು. ಆಗೆಲ್ಲ ಲಾಗಿನ್ ಪುಟಕ್ಕೆ ಮಾತ್ರ ಎಚ್‌ಟಿಟಿಪಿಎಸ್ ಇರ್ತಿತ್ತು, ಆಮೇಲಿನ ಸೆಷನ್ ಕುಕಿ ಬೆತ್ತಲೆಯಾಗಿ ಗಾಳಿಯಲ್ಲಿ ಹೋಗ್ತಿತ್ತು. ತಪ್ಪನ್ನ ಎಲ್ಲರ ಕಣ್ಣಿಗೆ ಬೀಳೋ ಹಾಗೆ ತೋರಿಸೋದೇ ಬಟ್ಲರ್ ಉದ್ದೇಶ. 2011ರ ಜನವರಿಯಲ್ಲಿ ಫೇಸ್‌ಬುಕ್ ಪೂರ್ತಿ ಎಚ್‌ಟಿಟಿಪಿಎಸ್ ಆಯ್ಕೆ ಕೊಟ್ಟಿತು. ಇವತ್ತು ಹೆಚ್ಚಿನ ಸೈಟುಗಳು ಪೂರ್ತಿ ಎಚ್‌ಟಿಟಿಪಿಎಸ್ ಆಗಿರೋದಕ್ಕೆ ಕಾಫಿ ಅಂಗಡಿಯ ಆ ಗಾಬರಿಯೂ ಒಂದು ಕಾರಣ.

ಬ್ರಿಗೇಡ್ ರಸ್ತೆಯಿಂದ ಒಟಿಪಿವರೆಗೆ

ಇಷ್ಟು ಹೊತ್ತು ಅಮೆರಿಕದ ಮಾತಾಯ್ತು. ನಮ್ಮ ದೇಶದಲ್ಲಿ ಈ ಕಥೆ ಬೇರೆ ದಾರಿ ಹಿಡಿಯಿತು. ಶುರುವಾಗೋದು ಬೆಂಗಳೂರಿನಲ್ಲಿ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡೋಕೆ ಶುರು ಮಾಡಿತು. ಅದೇ ವರ್ಷ ಬೆಂಗಳೂರಿಗೆ ಕೆಎಫ್‌ಸಿ ಬಂತು. ಭಾರತದ ಮೊದಲ ಕೆಎಫ್‌ಸಿ ಅದು. ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಹೋರಾಟ, 1996ರ ಜನವರಿ 30ರಂದು ಕಾರ್ಯಕರ್ತರು ನುಗ್ಗಿ ಅಂಗಡಿ ಒಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆರು ತಿಂಗಳಾದ ಮೇಲೆ, ಜುಲೈನಲ್ಲಿ, ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಅದು ಶುರುವಾಗಿದ್ದು ಸೈಬರ್ ಕೆಫೆಯಾಗಿ. ಅಮೆರಿಕದ ಅಂಗಡಿಗಳು ಕಾಫಿ ಮಾರೋಕೆ ಆಮೇಲೆ ನೆಟ್ ತಂದವು. ನಮ್ಮಲ್ಲಿ ನೆಟ್ ಮತ್ತು ಕಾಫಿ ಮೊದಲ ದಿನದಿಂದಲೇ ಒಂದೇ ಟೇಬಲ್ ಮೇಲೆ ಕೂತಿದ್ದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದೆಹಲಿಯ ವಸಂತ ವಿಹಾರದಲ್ಲಿ ಭಾರತದ ಮೊದಲ ಮೆಕ್‌ಡೊನಾಲ್ಡ್ಸ್ ಬಂತು.

ವೈ-ಫೈ ಬರೋಕೆ ಇನ್ನೂ ಟೈಮ್ ಬೇಕಾಯ್ತು. ಅಮೆರಿಕ 1985ರಲ್ಲಿ ಬಿಟ್ಟುಕೊಟ್ಟ 2.4 ಗಿಗಾಹರ್ಟ್ಸ್ ಗೋಮಾಳವನ್ನ ನಮ್ಮ ಸರ್ಕಾರ ಒಳಾಂಗಣ, ಹೊರಾಂಗಣ ಎರಡಕ್ಕೂ ಲೈಸೆನ್ಸ್‌ಮುಕ್ತ ಮಾಡಿದ್ದು 2005ರ ಜನವರಿಯಲ್ಲಿ. ಇಪ್ಪತ್ತು ವರ್ಷದ ಅಂತರ.

ಅದಾದ ಮೂರು ವರ್ಷಕ್ಕೆ ಕೆಟ್ಟ ಜುಲೈ ಬಂತು. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟ, ಮರುದಿನ ಅಹಮದಾಬಾದಿನಲ್ಲಿ. ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮೊದಲು ಬಂದ ಬೆದರಿಕೆ ಇಮೇಲ್‌ನ ಜಾಡು ಹಿಡಿದು ಹೋದ ಪೊಲೀಸರಿಗೆ ಸಿಕ್ಕಿದ್ದು ನವಿ ಮುಂಬೈನ ಒಂದು ಫ್ಲ್ಯಾಟಿನ ವೈ-ಫೈ. ಅದಕ್ಕೆ ಪಾಸ್‌ವರ್ಡ್ ಭದ್ರತೆ ಇರಲಿಲ್ಲ. ಹೊರಗಿನವರು ಬಳಸಿಕೊಂಡಿದ್ದರು. ಸೆಪ್ಟೆಂಬರ್‌ನ ದೆಹಲಿ ಸ್ಫೋಟದ ಇಮೇಲ್ ಜಾಡು ಮುಂಬೈನ ಚೆಂಬೂರಿಗೆ ಹೋಯ್ತು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಆದೇಶ ಹೊರಡಿಸಿತು. ಸಾರ್ವಜನಿಕ ಜಾಗದಲ್ಲಿ ವೈ-ಫೈ ಕೊಡೋರು ಬಳಸುವವರ ಗುರುತು ಇಟ್ಟುಕೊಳ್ಳಬೇಕು, ಗುರುತಿನ ಚೀಟಿ ತಗೊಳ್ಳಿ, ಇಲ್ಲವೇ ಮೊಬೈಲಿಗೆ ಎಸ್‌ಎಂಎಸ್‌ನಲ್ಲಿ ಪಾಸ್‌ವರ್ಡ್ ಕಳಿಸಿ ಅಂತ.

ಏರ್‌ಪೋರ್ಟಿನಲ್ಲಿ, ಮಾಲಿನಲ್ಲಿ, ಪಿಜ್ಜಾ ಅಂಗಡಿಯಲ್ಲಿ ‘ಮೊಬೈಲ್ ನಂಬರ್ ಹಾಕಿ’ ಅಂತ ಬರೋ ಪುಟದ ಮೂಲ ಇದು. ವಿದೇಶಕ್ಕೆ ಹೋದ ನಮ್ಮವರು ಅಲ್ಲಿ ‘ಒಪ್ಪಿದೆ’ ಬಟನ್ ಒತ್ತಿದ್ರೆ ನೆಟ್ ಬರೋದನ್ನ ನೋಡಿ ಆಶ್ಚರ್ಯ ಪಡ್ತಿದ್ರು. ನಮ್ಮಲ್ಲಿ ಸತ್ತವರ ನೆನಪು ಆ ಒಟಿಪಿಯ ಹಿಂದೆ ಇದೆ. ಆ ನಿಯಮ ಬೇಡ ಅಂತ ನಾನು ಹೇಳಲಾರೆ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಸ್ವಂತ ಹೆಸರಲ್ಲಿ ಸಿಮ್ ಇಲ್ಲದ ಹುಡುಗ, ಊರಿಂದ ಬಂದು ಇನ್ನೂ ನಂಬರ್ ಮಾಡಿಸದ ಕೂಲಿಯವನು ಬಾಗಿಲಲ್ಲೇ ಉಳಿದ. ಭದ್ರತೆಗಂತ ಕೊಟ್ಟ ನಂಬರಿಗೆ ‘ಎರಡು ಕೊಂಡ್ರೆ ಒಂದು ಫ್ರೀ’ ಮೆಸೇಜುಗಳೂ ಬರೋಕೆ ಶುರುವಾದವು. ಹಾಗೆ ನೋಡಿದ್ರೆ ನಾವು ಕೊಟ್ಟ ಬೆಲೆ ಅದೇ.

ಪಾರ್ಕಿಂಗ್ ಜಾಗದಲ್ಲಿ ಹೋಮ್‌ವರ್ಕ್

ಈ ಕಥೆಯಲ್ಲಿ ನನ್ನನ್ನ ತುಂಬಾ ಕಾಡಿದ್ದು ಮುಂದಿನ ಭಾಗ.

2013ರ ಜನವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಒಂದು ವರದಿ ಹಾಕಿತು. ಮನೆಯಲ್ಲಿ ಇಂಟರ್ನೆಟ್ ಇಲ್ಲದ ಅಮೆರಿಕದ ಮಕ್ಕಳು ಹೋಮ್‌ವರ್ಕ್ ಮಾಡೋಕೆ ಮೆಕ್‌ಡೊನಾಲ್ಡ್ಸ್‌ಗೆ ಹೋಗಿ ಕೂರ್ತಾರೆ ಅಂತ. ಆ ಹೊತ್ತಿಗೆ ಅಲ್ಲಿ ವೈ-ಫೈ ಇದ್ದ ಮೆಕ್‌ಡೊನಾಲ್ಡ್ಸ್ ಸುಮಾರು 12 ಸಾವಿರ, ಸ್ಟಾರ್‌ಬಕ್ಸ್ 7 ಸಾವಿರ. ವೈ-ಫೈ ಇದ್ದ ಸಾರ್ವಜನಿಕ ಗ್ರಂಥಾಲಯಗಳು ಸುಮಾರು 15 ಸಾವಿರ. ಲೈಬ್ರರಿ ಸಂಜೆಗೇ ಬಾಗಿಲು ಹಾಕುತ್ತೆ, ಬರ್ಗರ್ ಅಂಗಡಿ ರಾತ್ರಿವರೆಗೂ ತೆರೆದಿರುತ್ತೆ. ಎಫ್‌ಸಿಸಿ ಸದಸ್ಯೆಯಾಗಿದ್ದ ಜೆಸಿಕಾ ರೋಸೆನ್‌ವರ್ಸೆಲ್ ಇದಕ್ಕೆ ‘ಹೋಮ್‌ವರ್ಕ್ ಗ್ಯಾಪ್’ ಅನ್ನೋ ಹೆಸರನ್ನ ಚಲಾವಣೆಗೆ ತಂದರು. ವ್ಯಾಪಾರದ ಗಾಳವಾಗಿ ಬಂದದ್ದು ಬಡವರ ಲೈಬ್ರರಿ ಆಗಿತ್ತು.

ಹಾಗಾದ್ರೆ ಅಂಗಡಿ ಮುಚ್ಚಿದ್ರೆ? 2020ರ ಕೊರೊನಾದಲ್ಲಿ ಆದದ್ದು ಅದೇ. ಅಂಗಡಿ ಒಳಗೆ ಕೂರೋಕೆ ಬಿಡ್ತಿರಲಿಲ್ಲ, ಲೈಬ್ರರಿಗೂ ಬೀಗ. ಆಗಸ್ಟ್‌ನಲ್ಲಿ ಒಂದು ಫೋಟೋ ಜಗತ್ತೆಲ್ಲ ಓಡಾಡಿತು. ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನಲ್ಲಿ ಒಂದು ಟ್ಯಾಕೊ ಬೆಲ್ ಅಂಗಡಿಯ ಹೊರಗೆ ಇಬ್ಬರು ಪುಟ್ಟ ಹುಡುಗಿಯರು ನೆಲದ ಮೇಲೆ ಕೂತು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ಕೇಳ್ತಿದ್ದಾರೆ. ಸಲೀನಾಸ್ ಅಂದ್ರೆ ಹೊಲಗಳಲ್ಲಿ ಲೆಟ್ಯೂಸ್ ಕೊಯ್ಯೋ ಕೂಲಿಗಳ ಊರು. ಸಿಲಿಕಾನ್ ವ್ಯಾಲಿಯಿಂದ ಕಾರಿನಲ್ಲಿ ಒಂದೆರಡು ಗಂಟೆ ದಾರಿ, ಅಷ್ಟೇ. ಫೋಟೋ ಹರಡಿದ ಮೇಲೆ ಶಾಲೆಯವರು ಆ ಮನೆಗೆ ಹಾಟ್‌ಸ್ಪಾಟ್ ಕೊಟ್ಟರು, ಜನ ದುಡ್ಡು ಕೂಡಿಸಿದರು. ಫೋಟೋದಲ್ಲಿ ಬರದೇ ಹೋದ ಮಕ್ಕಳು ಎಷ್ಟೋ.

ಅದೇ ದಿನಗಳಲ್ಲಿ ನಮ್ಮ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕ್ಕೊಂಡು ಗುಡ್ಡ ಹತ್ತುತ್ತಿದ್ದರು. ಸಾಗರ ತಾಲ್ಲೂಕಿನಲ್ಲಿರೋ ನನ್ನ ಅಕ್ಕನ ಮಗಳು ಛತ್ರಿ ಹಿಡ್ಕೊಂಡು, ತೋಟದ ಮೇಲಿನ ದಿಬ್ಬದಲ್ಲಿ ನಿಂತು ಕ್ಲಾಸ್ ಕೇಳ್ತಿದ್ಲು. ಜೊತೆಗೆ ಅವಳ ಅಜ್ಜ ಕಾವಲು, ಕಾಡುಹಂದಿ ಕಾಟ ಅಂತ. ನಾನು ಪುಣೆಯಲ್ಲಿ ಫೈಬರ್ ನೆಟ್ ಹಾಕಿಸ್ಕೊಂಡು ಮನೆಯಿಂದ ಕೆಲಸ ಮಾಡ್ತಾ, “ವಿಡಿಯೋ ಆನ್ ಮಾಡಮ್ಮ” ಅಂದೆ. “ಮಾವ, ವಿಡಿಯೋ ಹಾಕಿದ್ರೆ ಪಾಠ ಕಟ್ ಆಗತ್ತೆ” ಅಂದ್ಲು. ಸಲೀನಾಸ್‌ನ ಆ ಮಕ್ಕಳಿಗೆ ಒಂದು ಅಂಗಡಿಯ ಗೋಡೆಯಾದ್ರೂ ಇತ್ತು. ನಮ್ಮ ಹುಡುಗಿಗೆ ಅದೂ ಇರಲಿಲ್ಲ.

ದೀಪ ಯಾರದ್ದು

ಸರ್ಕಾರಗಳು ಏನೂ ಮಾಡಲಿಲ್ಲ ಅಂತಲ್ಲ. 2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ‘ನಮ್ಮ ವೈ-ಫೈ’ ಶುರುವಾಯ್ತು. ಗಮನಿಸಿ, ಮತ್ತೆ ಅದೇ ಬ್ರಿಗೇಡ್ ರಸ್ತೆ. ಮೊದಲೇ ನೆಟ್ ಇದ್ದ ಕಡೆಗೇ ಫ್ರೀ ನೆಟ್ ಬಂತು. ಇದಕ್ಕಿಂತ ಹೆಚ್ಚು ಜನರನ್ನ ಮುಟ್ಟಿದ್ದು ರೈಲ್ವೆ. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ರೈಲ್‌ಟೆಲ್ ಮತ್ತು ಗೂಗಲ್ ಸೇರಿ ಶುರು ಮಾಡಿದ ವೈ-ಫೈ, 2018ರ ಜೂನ್ ಹೊತ್ತಿಗೆ 400 ನಿಲ್ದಾಣ ಮುಟ್ಟಿತು. ಅದೇ ವರ್ಷ ಎರ್ನಾಕುಲಂ ನಿಲ್ದಾಣದ ಒಬ್ಬ ಕೂಲಿ, ಹಮಾಲಿ ಮಾಡ್ತಾ ಮಾಡ್ತಾ ಇಯರ್‌ಫೋನಿನಲ್ಲಿ ಪಾಠ ಕೇಳಿ ಕೇರಳ ಪಿಎಸ್‌ಸಿ ಲಿಖಿತ ಪರೀಕ್ಷೆ ಪಾಸಾದ ಸುದ್ದಿ ಬಂತು. ಅಲ್ಲಿ ಯಾರೂ ಅವನನ್ನ ‘ಏನು ಆರ್ಡರ್ ಮಾಡಿದೆ’ ಅಂತ ಕೇಳಿರಲಿಲ್ಲ.

ಅಷ್ಟರಲ್ಲಿ 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದಿತ್ತು. ಡೇಟಾ ನೀರಿನ ಬೆಲೆಗೆ ಇಳಿಯಿತು. ಗೂಗಲ್ 2020ರಲ್ಲಿ ರೈಲ್ವೆ ನಿಲ್ದಾಣದ ಯೋಜನೆಯಿಂದ ಹಿಂದೆ ಸರಿಯಿತು, ಮೊಬೈಲ್ ಡೇಟಾ ಅಗ್ಗವಾಗಿದೆ ಅನ್ನೋ ಕಾರಣ ಕೊಟ್ಟು. ರೈಲ್‌ಟೆಲ್ ಮುಂದುವರಿಸಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ-ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳೇ ಎಸ್‌ಟಿಡಿ ಬೂತ್ ಹಾಗೆ, ಕಿರಾಣಿ ಅಂಗಡಿಯವರು, ಚಹಾ ಅಂಗಡಿಯವರು ಲೈಸೆನ್ಸ್ ಇಲ್ಲದೆ ವೈ-ಫೈ ಮಾರಬಹುದು. ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನಲ್ಲಿ ರಾತ್ರಿ ಹತ್ತು ಗಂಟೆ ಆಗೋದನ್ನ ಕಾದು ಊರಿಗೆ ಫೋನ್ ಮಾಡಿದವರಿಗೆ ಈ ಹೋಲಿಕೆ ಕೂಡಲೇ ಅರ್ಥ ಆಗುತ್ತೆ.

ನಮ್ಮ ಹೈಸ್ಕೂಲ್ ಮೇಷ್ಟ್ರು ‘ಬೀದಿ ದೀಪದ ಕೆಳಗೆ ಓದಿ ಮುಂದೆ ಬಂದವರು’ ಅಂತ ದೊಡ್ಡವರ ಕಥೆ ಹೇಳ್ತಿದ್ರು. ನಿಮ್ಮ ಮೇಷ್ಟ್ರೂ ಹೇಳಿರ್ತಾರೆ. ಆ ಕಥೆ ಕೇಳಿದಾಗೆಲ್ಲ ನಾವು ಓದಿದವನ ಛಲ ನೋಡ್ತೀವಿ. ದೀಪ ಹಚ್ಚಿದವರು ಯಾರು ಅಂತ ನೋಡಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ತಯಾರಾಗಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಅದು ವ್ಯಾಪಾರ. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ, ಈಗಿನ ಕೆ.ಆರ್. ಮಾರುಕಟ್ಟೆ ಬಳಿ, ವಿದ್ಯುತ್ ಬೀದಿ ದೀಪ ಹತ್ತಿತು. ಇದು ವ್ಯಾಪಾರ ಅಲ್ಲ. ಗಣಿಗೆ ಬಂದ ಕರೆಂಟು ಮೂರು ವರ್ಷದಲ್ಲಿ ಬೀದಿಗೂ ಬಂತು. ಕಂಬದ ಕೆಳಗೆ ಕೂತವನಿಗೆ ಯಾರೂ ಬಿಲ್ ಕೇಳಲಿಲ್ಲ, ನಂಬರ್ ಕೇಳಲಿಲ್ಲ, ಅರ್ಧ ಗಂಟೆ ಆಯ್ತು ಏಳು ಅನ್ನಲಿಲ್ಲ.

ಅಂಗಡಿ ದೀಪವೂ ಬೆಳಕೇ. ನಾನು ಆ ಬೆಳಕಲ್ಲೇ ದಾರಿ ಕಂಡವನು, ಅದನ್ನ ಮರೆತಿಲ್ಲ. ಆದರೆ ಅಂಗಡಿ ದೀಪ ಉರಿಯೋದು ಅಂಗಡಿಗೋಸ್ಕರ. ಅದರ ಬೆಳಕು ಬೀದಿಗೆ ಬಿದ್ದರೆ ನಮ್ಮ ಅದೃಷ್ಟ. ಒಂದು ಊರಿನ ಮಕ್ಕಳ ಓದು ಆ ಅದೃಷ್ಟದ ಮೇಲೆ ನಿಲ್ಲಬಾರದು. ಊರಿನ ಲೈಬ್ರರಿ, ಶಾಲೆ, ಗ್ರಾಮ ಪಂಚಾಯಿತಿ ಕಟ್ಟೆ, ಬಸ್ ಸ್ಟ್ಯಾಂಡು ಇವೇ ನಮ್ಮ ಕಂಬಗಳು. ಅಲ್ಲಿ ದೀಪ ಹತ್ತಬೇಕು.

ಮಗಳಿಗೆ ಇಷ್ಟೆಲ್ಲ ಹೇಳೋಕಾಗಲಿಲ್ಲ. ಬರ್ಗರ್ ತಿಂದು ಹೊರಗೆ ಬಂದ್ವಿ. ಅಂಗಡಿಯ ಗಾಜಿನ ಗೋಡೆಗೆ ಒರಗಿ ಮೂರ್ನಾಲ್ಕು ಜನ ಡೆಲಿವರಿ ಹುಡುಗರು ಮೆಟ್ಟಿಲ ಮೇಲೆ ಕೂತಿದ್ರು, ಆರ್ಡರ್ ಬರೋದನ್ನ ಕಾಯ್ತಾ. ಒಬ್ಬ ಫೋನ್ ಮೇಲೆತ್ತಿ, ಗೋಡೆ ಹತ್ತಿರ ಹಿಡಿದು, ಮತ್ತೆ ಕೆಳಗಿಳಿಸಿ ನೋಡ್ತಿದ್ದ. “ಡೇಟಾ ಖತಮ್” ಅಂದ ಪಕ್ಕದವನಿಗೆ. ಒಳಗಿನ ವೈ-ಫೈ ಅಲ್ಲಿವರೆಗೂ ಬರ್ತಿತ್ತು ಅನ್ಸುತ್ತೆ.

“ನೋಡಿದ್ಯಾ, ಇವರು ಯೂಸ್ ಮಾಡ್ತಾರೆ” ಅಂದೆ ಮಗಳಿಗೆ. ನಾವು ಮಾತಾಡೋದು ಕೇಳಿ ಆ ಹುಡುಗ ಎದ್ದು ನಿಂತ. ದಾರಿಗೆ ಅಡ್ಡ ಕೂತಿದೀನಿ ಅಂದ್ಕೊಂಡ್ನೋ ಏನೋ. ನನಗೆ ಈಗ ಮರಾಠಿ ಬರುತ್ತೆ. “ಬಸ್ ರೇ, ಬಸ್” ಅಂದೆ.

ನೀವೂ ಯಾವ ಊರಲ್ಲಿ, ಯಾರ ವೈ-ಫೈ ಬೆಳಕಲ್ಲಿ ಮೊದಲ ಕೆಲಸ ಹುಡುಕಿದ್ರಿ? ಬರೆದು ಕಳಿಸಿ, ಓದ್ತೀನಿ. ಮುಂದಿನ ವಾರ ಇನ್ನೊಂದು ವಿಷಯದೊಂದಿಗೆ ಸಿಗೋಣ.